ಶಿರಾಡಿ ಇಳಿಯದ ಸಕ್ಕರೆ ಅಚ್ಚು

ಮಕರ ಸಂಕ್ರಾಂತಿಗೆ ವಾರವಿದೆ ಎನ್ನುವಾಗ ಹಾಸನ, ಮೈಸೂರು, ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಮರದ ಅಚ್ಚುಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಗಿಳಿ, ನವಿಲು, ಆನೆ, ಗೋಪುರ, ತುಳಸಿ ಬೃಂದಾವನ. ಸಕ್ಕರೆ ಪಾಕ ಹೊಯ್ದು ಇವನ್ನೆಲ್ಲ ಬಿಳಿಯ ಗೊಂಬೆಗಳಾಗಿ ತೆಗೆದು, ಎಳ್ಳುಬೆಲ್ಲದ ತಟ್ಟೆಯಲ್ಲಿಟ್ಟು ಮನೆಮನೆಗೆ ಬೀರಿ ಬರುವುದು ಅಲ್ಲಿಯ ಹಬ್ಬ. ಅದೇ ಹಾಸನದ ರಸ್ತೆ ಹಿಡಿದು ಸಕಲೇಶಪುರ ದಾಟಿ, ಶಿರಾಡಿ ಘಾಟಿ ಇಳಿದು, ಗುಂಡ್ಯದಿಂದ ಮುಂದೆ ನೆಲ್ಯಾಡಿಗೆ ಬಂದರೆ ಆ ಅಚ್ಚಿಗೆ ಹಳೆಯ ಮನೆಗಳ ಪದ್ಧತಿಯಲ್ಲಿ ಜಾಗವೇ ಇಲ್ಲ. ಮೊದಲು ಪುತ್ತೂರು ತಾಲೂಕಿನಲ್ಲಿದ್ದು ಈಗ ಕಡಬಕ್ಕೆ ಸೇರಿದ ಈ ಊರು ಘಟ್ಟದ ಬುಡದಲ್ಲೇ, ಹೆದ್ದಾರಿಯ ಮೇಲೆಯೇ ಇದೆ. ಮರಕ್ಕೆ ಬರವಿರಲಿಲ್ಲ, ಕೆತ್ತಲು ಆಚಾರಿಗಳಿದ್ದರು, ಮಕ್ಕಳಂತೂ ಎಲ್ಲೆಲ್ಲೂ ಇರುತ್ತಾರೆ. ಆದರೂ ಅಚ್ಚು ಘಟ್ಟ ಇಳಿಯಲಿಲ್ಲ. ಇದಕ್ಕೆ ಬೆಳೆಯನ್ನೋ ಹವೆಯನ್ನೋ ಕಾರಣ ಹೇಳುವುದು ರೂಢಿ. ಕಾರಣ ಇರುವುದು ಬೀದಿಯಲ್ಲಿ ಎಂಬುದು ನನ್ನ ವಾದ. ಸಕ್ಕರೆ ಅಚ್ಚು ಸಾಲುಮನೆಗಳ ಕೇರಿ ಹುಟ್ಟಿಸಿದ ಕಲೆ. ಕೇರಿಯಿಲ್ಲದ ಕಡೆ ಅದು ಬೇರು ಬಿಡಲಿಲ್ಲ.

ಮೊದಲು ಈ ಪದ್ಧತಿಯ ವಯಸ್ಸನ್ನು ಸ್ವಲ್ಪ ವಿಚಾರಿಸಬೇಕು. 'ಅನಾದಿಯಿಂದ' ಎಂಬ ಮಾತು ಹಬ್ಬದ ಲೇಖನಗಳಲ್ಲಿ ಧಾರಾಳವಾಗಿ ಓಡಾಡುತ್ತದೆ. ಕಬ್ಬಿನ ಸಿಹಿ ಹಳೆಯದೇ, ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಬೆಲ್ಲದಿಂದ ಕಲ್ಲುಸಕ್ಕರೆಯವರೆಗೆ ಬೇರೆ ಬೇರೆ ಹಂತಗಳ ಹೆಸರುಗಳಿವೆ. ಆದರೆ ಗೊಂಬೆಗೆ ಬೇಕಾದದ್ದು ಕಾಳುಕಾಳಾದ ಬಿಳಿ ಸಕ್ಕರೆ. ಬೆಲ್ಲವನ್ನೂ ಅಚ್ಚಿಗೆ ಹಾಕಬಹುದು, ಆಲೆಮನೆಯಲ್ಲಿ ಹಾಕುತ್ತಾರೆ ಕೂಡ. ಆದರೆ ಅದರಲ್ಲಿರುವ ಇತರ ಅಂಶಗಳು ಹರಳುಗಟ್ಟಲು ಬಿಡುವುದಿಲ್ಲ, ಗಿಳಿಯ ಕೊಕ್ಕು ನವಿಲಿನ ಗರಿಯ ಗೆರೆ ಅದರಲ್ಲಿ ನಿಲ್ಲುವುದಿಲ್ಲ. ಬಿಳಿ ಸಕ್ಕರೆಯೋ, ಮೈಸೂರು ಸೀಮೆಯಲ್ಲಿ ಬಹುಕಾಲ ದೊರೆಗಳ ಸೊತ್ತು. 1800ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಚನ್ನಪಟ್ಟಣದಲ್ಲಿ ನಯವಾದ ಬಿಳಿ ಸಕ್ಕರೆ ಮಾಡುವ ವಿದ್ಯೆ ಒಂದೇ ಮನೆತನದ ಕೈಯಲ್ಲಿತ್ತು, ಅದು ಶ್ರೀರಂಗಪಟ್ಟಣದ ಅರಮನೆಗೆ ಮೀಸಲಾಗಿತ್ತು ಎಂದು ಬರೆದಿದ್ದಾನೆ. 1847ರಲ್ಲಿ ಶ್ರೀರಂಗಪಟ್ಟಣದ ಹತ್ತಿರ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಗಿ, ರೈತರ ಬೆಲ್ಲವನ್ನು ಕೊಂಡು ಶುದ್ಧಿಮಾಡಿ ಸಕ್ಕರೆ ತೆಗೆಯತೊಡಗಿತು. ಕೃಷ್ಣರಾಜಸಾಗರದ ನೀರು ನಾಲೆಗೆ ಹರಿದು, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಸಕ್ಕರೆ ಮಧ್ಯಮ ವರ್ಗದ ಡಬ್ಬಿಗೆ ಧಾರಾಳವಾಗಿ ಬಂತು. ಮನೆಗೊಂದು ತಟ್ಟೆ ತುಂಬ ಗೊಂಬೆ ಎರೆದು ನೆರೆಹೊರೆಗೆ ಹಂಚುವಷ್ಟು ಸಕ್ಕರೆ ಸಾಮಾನ್ಯರ ಕೈಗೆಟುಕಿದ್ದು ಕಾರ್ಖಾನೆಯ ಕಾಲದಲ್ಲೇ ಎಂದು ತೀರ್ಮಾನಿಸಿದರೆ ತಪ್ಪಾಗಲಾರದು. ಎಳ್ಳುಬೆಲ್ಲದಲ್ಲಿ ಇಂದು ಅನಿವಾರ್ಯವಾಗಿರುವ ಕಡಲೆಕಾಯಿ ಕೂಡ ದಕ್ಷಿಣ ಅಮೆರಿಕದಿಂದ ಬಂದ ಬೆಳೆ. ಹಬ್ಬ ಹಳೆಯದು, ತಟ್ಟೆ ಹೊಸದು.

ಮಾಡುವ ಬಗೆಯನ್ನು ಹತ್ತಿರದಿಂದ ನೋಡಿದರೆ ಇದು ಒಬ್ಬರ ಕೆಲಸವಲ್ಲ ಎಂಬುದು ಗೊತ್ತಾಗುತ್ತದೆ. ಅಚ್ಚುಗಳು ಎರಡು ಹೋಳಿನವು, ಕೆಲವು ಮೂರು ಹೋಳಿನವು. ಅವನ್ನು ಗಂಟೆಗಟ್ಟಲೆ ನೀರಲ್ಲಿ ನೆನೆಹಾಕಬೇಕು. ಒಣ ಮರ ಪಾಕವನ್ನು ಕಚ್ಚಿಕೊಳ್ಳುತ್ತದೆ. ಆಮೇಲೆ ಹೋಳುಗಳನ್ನು ಜೋಡಿಸಿ ದಾರವನ್ನೋ ರಬ್ಬರ್ ಬ್ಯಾಂಡನ್ನೋ ಬಿಗಿಯಬೇಕು. ಸಕ್ಕರೆಗೆ ತುಸು ನೀರು ಹಾಕಿ ಕುದಿಸಿ, ಒಂದು ಚಮಚ ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೇಳುತ್ತದೆ. ಅದನ್ನು ತೆಗೆದು ಬಟ್ಟೆಯಲ್ಲಿ ಸೋಸಿ, ಒಂದೊಂದೇ ಸೌಟಿನಷ್ಟು ಪಾಕವನ್ನು ಸಣ್ಣ ಬಾಣಲೆಯಲ್ಲಿ ಮತ್ತೆ ಕಾಯಿಸಿ, ಗಟ್ಟಿಯಾಗುತ್ತಿದ್ದಂತೆ ಬಿಡದೆ ತಿರುವಬೇಕು. ತಿಳಿಯಾಗಿದ್ದ ಪಾಕ ಇದ್ದಕ್ಕಿದ್ದಂತೆ ಹಾಲಿನ ಬಣ್ಣಕ್ಕೆ ತಿರುಗುವ ಒಂದು ಗಳಿಗೆ ಬರುತ್ತದೆ, ಹೊಯ್ಯಬೇಕಾದ್ದು ಆಗಲೇ. ಒಂದಿಷ್ಟು ಮುಂಚೆಯಾದರೆ ಗೊಂಬೆ ಮೆತ್ತಗೆ, ತಡವಾದರೆ ಪಾಕ ಬಾಣಲೆಯಲ್ಲೇ ಕಲ್ಲು. ಒಬ್ಬರು ತಿರುವುತ್ತಿರುವಾಗ ಇನ್ನೊಬ್ಬರು ಅಚ್ಚು ಹಿಡಿದಿರಬೇಕು, ಮತ್ತೊಬ್ಬರು ಗಟ್ಟಿಯಾದದ್ದನ್ನು ಬಿಚ್ಚಬೇಕು. ಬಿಚ್ಚುವ ಕೆಲಸ ಮಕ್ಕಳದ್ದು. ಕತ್ತು ಮುರಿದ ನವಿಲು, ಸೊಂಡಿಲು ಹೋದ ಆನೆ ಮರಳಿ ಬಾಣಲೆಗೆ ಹೋಗಿ ಹೊಸ ಗೊಂಬೆಯಾಗುತ್ತದೆ, ಬಿಚ್ಚಿದವರ ಬಾಯಿಗೆ ಹೋಗದಿದ್ದರೆ. ಇಷ್ಟು ಕಷ್ಟಪಟ್ಟು ತೆಗೆದ ಗೊಂಬೆಯ ರುಚಿ ಬರೀ ಸಕ್ಕರೆಯದು, ಮೈಸೂರುಪಾಕಿನ ಮುಂದೆ ಅದು ಏನೂ ಅಲ್ಲ. ತಿನ್ನುವುದಕ್ಕಾಗಿ ಯಾರೂ ಇದನ್ನು ಮಾಡಲಾರರು. ಅದರ ಬೆಲೆ ಇರುವುದು ಇನ್ನೊಬ್ಬರ ಮನೆಯ ತಟ್ಟೆಯಲ್ಲಿ ಕಾಣಿಸಿಕೊಳ್ಳುವುದರಲ್ಲಿ. ನಮ್ಮ ಗೋಪುರದ ಪಕ್ಕದಲ್ಲಿ ಅವರ ನವಿಲು, ಅವರದಕ್ಕಿಂತ ನಮ್ಮದು ಬೆಳ್ಳಗೆ: ಈ ಹೋಲಿಕೆ, ಈ ಸಣ್ಣ ಪೈಪೋಟಿ ಇಲ್ಲದಿದ್ದರೆ ಅಚ್ಚು ಕೆತ್ತಿಸುವ ಖರ್ಚಿಗೂ ಅರ್ಥವಿಲ್ಲ.

ಈಗ ನೆಲ್ಯಾಡಿಯ ಕಡೆ ತಿರುಗೋಣ. ತುಳುನಾಡಿನಲ್ಲಿ ಮನೆಗಳು ಸಾಲಾಗಿಲ್ಲ. ಅಡಕೆ ತೋಟದ ನಡುವೆ, ಗದ್ದೆಯ ಅಂಚಿಗೆ, ಗುಡ್ಡದ ಬದಿಗೆ ಒಂದೊಂದೇ ಮನೆ. ಈಗ ಅದಕ್ಕೆ ರಬ್ಬರ್ ತೋಟದ ದೂರವೂ ಸೇರಿದೆ. ಬಾಗಿಲಿಗೆ ಬಾಗಿಲು ಎದುರಾದ ಕೇರಿ ಪೇಟೆಯಲ್ಲಿ ಬಿಟ್ಟರೆ ಇಲ್ಲ. ರೇಷ್ಮೆ ಲಂಗ ಉಟ್ಟ ಹುಡುಗಿ ತಟ್ಟೆ ಹಿಡಿದು ಸಂಜೆಯೊಳಗೆ ಹತ್ತು ಮನೆ ಸುತ್ತಿ ಬರುವ ಭೂಗೋಳವೇ ಇಲ್ಲಿಯದಲ್ಲ. ಕೊಡುಕೊಳ್ಳುವಿಕೆ ಇರಲಿಲ್ಲವೆಂದಲ್ಲ, ಅದರ ದಿಕ್ಕು ಬೇರೆ ಇತ್ತು. ತುಳುವರ ಹೊಸವರ್ಷವಾದ ಬಿಸುವಿಗೆ ಒಕ್ಕಲು ತನ್ನ ಬೆಳೆಯ ತರಕಾರಿ, ತೆಂಗಿನಕಾಯಿಗಳನ್ನು ಬುಳೆ ಕಾಣಿಕೆಯಾಗಿ ಧಣಿಯ ಮನೆಗೆ ಹೊರುತ್ತಿದ್ದ. ಅದು ಕೆಳಗಿನಿಂದ ಮೇಲಕ್ಕೆ ಹೋಗುವ ಕಾಣಿಕೆ, ಸರಿಸಮಾನರಾದ ನೆರೆಹೊರೆಯ ಹೆಂಗಸರು ಪರಸ್ಪರ ಬದಲಾಯಿಸಿಕೊಳ್ಳುವ ತಟ್ಟೆ ಅಲ್ಲ. ಗೇಣಿ ಪದ್ಧತಿಯನ್ನು 1974ರ ಭೂಸುಧಾರಣೆ ಮುರಿದ ಮೇಲೆ ಆ ಕಾಣಿಕೆಯ ಬೆನ್ನೂ ಮುರಿಯಿತು. ಅದರ ಜಾಗಕ್ಕೆ ಬೀದಿಯೇನೂ ಬರಲಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಪಂಚಾಂಗದ್ದು. ತುಳುವರದು ಸೌರಮಾನ, ಪ್ರತಿ ತಿಂಗಳೂ ಸಂಕ್ರಮಣದಿಂದಲೇ ಶುರು, ಆದ್ದರಿಂದ ಮಕರ ಸಂಕ್ರಮಣ ಹನ್ನೆರಡರಲ್ಲಿ ಒಂದು ಮಾತ್ರ. ದೊಡ್ಡ ಹಬ್ಬ ಬಿಸು, ಮಕರ ಮಾಸದ ಕೊನೆಗೆ ಭೂಮಿತಾಯಿಯ ಹಬ್ಬ ಕೆಡ್ಡಸ. ಹಬ್ಬವೇ ಬೇರೆ ಎಂದಮೇಲೆ ಗೊಂಬೆ ಎಲ್ಲಿಂದ ಬರಬೇಕು? ಒಪ್ಪತಕ್ಕ ಮಾತು, ಆದರೆ ಪೂರ್ತಿ ಉತ್ತರವಲ್ಲ. ಸಕ್ಕರೆ ಗೊಂಬೆ ಸಂಕ್ರಾಂತಿಗೆ ಅಂಟಿಕೊಂಡ ವಸ್ತುವೇ ಅಲ್ಲ ಎಂಬುದಕ್ಕೆ ಉತ್ತರ ಕರ್ನಾಟಕವೇ ಸಾಕ್ಷಿ. ಹುಬ್ಬಳ್ಳಿ, ಧಾರವಾಡ, ಗದಗ, ಬಾಗಲಕೋಟೆಯ ಕಡೆ ಇದೇ ಮರದ ಅಚ್ಚು, ಇದೇ ಪಾಕ ಕಾರ್ತಿಕದ ಗೌರಿ ಹುಣ್ಣಿಮೆಗೆ ಹೊರಬರುತ್ತದೆ. ಬಣ್ಣ ಸೇರಿಸಿದ ಸಕ್ಕರೆ ಆರತಿಗಳನ್ನು ತಟ್ಟೆಯಲ್ಲಿ ಹೊತ್ತು ಹೆಣ್ಣುಮಕ್ಕಳು ಓಣಿಯಲ್ಲಿ ಗೌರಿಯ ಬಳಿಗೆ ಹೋಗುತ್ತಾರೆ. ಮದುವೆ ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯಿಂದ ಸಕ್ಕರೆ ಆರತಿ ಬರುತ್ತದೆ. ತಿಂಗಳು ಬೇರೆ, ದೇವರು ಬೇರೆ, ಸುಗ್ಗಿಯ ಸಂಬಂಧವೂ ಇಲ್ಲ. ಎರಡು ಕಡೆಗೂ ಸಮಾನವಾಗಿ ಉಳಿಯುವುದು ತಟ್ಟೆ ಹಿಡಿದು ನಡೆಯುವ ಹೆಣ್ಣುಮಕ್ಕಳು ಮತ್ತು ಅವರು ನಡೆಯಲು ಒಂದು ಓಣಿ. ದೂರದ ಉದಾಹರಣೆ ಬೇಕಿದ್ದರೆ, ಇಟಲಿಯ ಪಲೆರ್ಮೊದಲ್ಲಿ ನವೆಂಬರ್ 2ರಂದು ಸತ್ತ ಹಿರಿಯರ ಹೆಸರಲ್ಲಿ ಮಕ್ಕಳಿಗೆ ಅಚ್ಚಿನ ಸಕ್ಕರೆ ಗೊಂಬೆ ಕೊಡುತ್ತಾರೆ, ಮೆಕ್ಸಿಕೊದಲ್ಲಿ ಹಣೆಯ ಮೇಲೆ ಹೆಸರು ಬರೆದ ಸಕ್ಕರೆಯ ತಲೆಬುರುಡೆಗಳನ್ನು ಗೆಳೆಯರಿಗೆ ಹಂಚುತ್ತಾರೆ. ಎಲ್ಲಿಯೂ ಇದು ಕೊಡುವ ವಸ್ತು.

ಎರಡನೆಯದು ಹವೆಯ ಆಕ್ಷೇಪ: ಕಡಲ ತೇವಕ್ಕೆ ಸಕ್ಕರೆ ಕರಗಿ ಅಂಟಾಗುತ್ತದೆ ಎಂಬುದು. ಮಳೆಗಾಲದ ಆಟಿ ತಿಂಗಳಲ್ಲಾದರೆ ನಿಜ. ಜನವರಿಯ ನೆಲ್ಯಾಡಿಯಲ್ಲಿ ಅಂಗಳದಲ್ಲಿ ಅಡಕೆ ಒಣಗುತ್ತಿರುತ್ತದೆ. ಸಕ್ಕರೆ ಗೊಂಬೆ ನಾಲ್ಕು ದಿನ ತಾಳದಷ್ಟು ತೇವ ಎಲ್ಲಿಯದು? ಮೇಲಾಗಿ ಕರಾವಳಿಯ ಜಾತ್ರೆಗಳಲ್ಲಿ ಬತ್ತಾಸು, ಸಕ್ಕರೆ ಮಿಠಾಯಿ ರಾಶಿ ರಾಶಿ ಮಾರಾಟವಾಗುತ್ತವೆ. ಅವಕ್ಕಿಲ್ಲದ ತೇವ ಗಿಳಿಗೆ ಮಾತ್ರ ಯಾಕೆ? ರಸ್ತೆಯಿರಲಿಲ್ಲ ಎನ್ನುವವರಿಗೂ ಇದೇ ಬಗೆಯ ಉತ್ತರ. ಉಪ್ಪು, ಒಣಮೀನು ಘಟ್ಟ ಹತ್ತಿವೆ, ಬೇಳೆ ಬೆಲ್ಲ ಇಳಿದಿವೆ. ಉಪ್ಪಿನಂಗಡಿ ಈ ವ್ಯಾಪಾರದಿಂದಲೇ ಬೆಳೆದ ಪೇಟೆ. ಸರಕು ಬಂದ ದಾರಿಯಲ್ಲಿ ಅಚ್ಚು ಬರಲಾರದೆ ಉಳಿಯಲಿಲ್ಲ, ಬಂದರೂ ಅದಕ್ಕೆ ಮಾಡಲು ಕೆಲಸವಿರಲಿಲ್ಲ.

ಮೂರನೆಯ ಆಕ್ಷೇಪವೇ ಗಟ್ಟಿಯಾದದ್ದು. ಮಂಡ್ಯ, ಮೈಸೂರಿನ ಹಳ್ಳಿಗಳಲ್ಲಿ ಸಾಲುಮನೆಗಳ ಬೀದಿಗಳಿದ್ದೂ ಎಷ್ಟೋ ಒಕ್ಕಲು ಮನೆಗಳಲ್ಲಿ ಸಕ್ಕರೆ ಅಚ್ಚು ಇರಲಿಲ್ಲ. ಅಲ್ಲಿಯ ಸಂಕ್ರಾಂತಿ ಎಂದರೆ ದನಗಳ ಮೈ ತೊಳೆದು ಸಿಂಗರಿಸಿ ಸಂಜೆ ಕಿಚ್ಚು ಹಾಯಿಸುವುದು. ಬೀದಿಯೇ ಕಾರಣವಾದರೆ ಅಲ್ಲಿ ಯಾಕಿಲ್ಲ? ಬೀದಿಯೊಂದೇ ಸಾಲದು ಎಂದು ಇಲ್ಲಿ ನಾನು ವಾದವನ್ನು ಸ್ವಲ್ಪ ಬಿಗಿಗೊಳಿಸಬೇಕಾಗುತ್ತದೆ. ಕೊಂಡು ತಂದ ಸಕ್ಕರೆಯನ್ನು ಬರೀ ಅಂದಕ್ಕೆ ಸುರಿಯುವಷ್ಟು ಕಾಸು, ಒಲೆಯ ಮುಂದೆ ಕೂರುವಷ್ಟು ಬಿಡುವು ಬೇಕು. ಅಗ್ರಹಾರ, ಪೇಟೆ, ಸಂಬಳದ ನೌಕರರ ಬಡಾವಣೆಗಳಲ್ಲಿ ಇವು ಒಟ್ಟಿಗೆ ಸೇರಿದವು. ಎರಡನೆಯ ಮಹಾಯುದ್ಧದ ಹೊತ್ತಿಗೆ ಸಕ್ಕರೆ ಪಡಿತರಕ್ಕೆ ಬಂದಾಗ ಗೊಂಬೆ ದುಬಾರಿ ಶೋಕಿಯಾಗದೆ ಇದ್ದೀತೇ? ಹಾಗೆಂದು ಬೀದಿಯ ವಾದ ಬಿದ್ದುಹೋಗುವುದಿಲ್ಲ. ಕಾಸು, ಬಿಡುವು ಎರಡೂ ಇದ್ದ ಪುತ್ತೂರು ಸೀಮೆಯ ಅಡಕೆ ಧಣಿಗಳ ಮನೆಯಲ್ಲಿಯೂ ಅಚ್ಚು ರೂಢಿಯಾಗಲಿಲ್ಲ. ಒಂಟಿ ಮನೆಗಳ ಕೊಡಗಿನ ಕಥೆಯೂ ಅದೇ. ಹಣವಿದ್ದು ಕೇರಿಯಿಲ್ಲದ ಈ ಎರಡು ಸೀಮೆಗಳು ಈ ವಾದಕ್ಕೆ ಸಿಗಬಹುದಾದ ಒಳ್ಳೆಯ ಪರೀಕ್ಷೆ.

ಈಗ ಕರಾವಳಿಯ ಪೇಟೆಗಳಲ್ಲೂ ಜನವರಿ ಬಂತೆಂದರೆ ಎಳ್ಳುಬೆಲ್ಲದ ಪೊಟ್ಟಣ ಸಿಗುತ್ತದೆ, ಒಳಗೆ ಒಂದೆರಡು ಸಕ್ಕರೆ ಅಚ್ಚು. 1956ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದ ದಕ್ಷಿಣ ಕನ್ನಡ ಜಿಲ್ಲೆ ಮೈಸೂರಿನೊಂದಿಗೆ ಸೇರಿದ ಮೇಲೆ ಘಟ್ಟದ ಮೇಲಿನ ಶಿಕ್ಷಕರು, ನೌಕರರು ಇಳಿದು ಬಂದರು. ಅವರ ಹಿಂದೆ ಹಬ್ಬವೂ ಬಂತು, ಆಮೇಲೆ ಟಿ.ವಿ. ಅದನ್ನು ಇಡೀ ರಾಜ್ಯದ ಹಬ್ಬವಾಗಿಸಿತು. ಗಮನಿಸಬೇಕಾದ್ದು, ಇಳಿದದ್ದು ಗೊಂಬೆ. ಎರೆಯುವ ಕೆಲಸ ಅಲ್ಲ. ಶಾಲೆ, ಕಚೇರಿಗಳಲ್ಲಿ ಹಂಚಲು ಪೊಟ್ಟಣ ಸಾಕು. ಅದೇ ಹೊತ್ತಿಗೆ ಅಚ್ಚಿಗೆ ಎರೆಯುವ ಆಟ ಇನ್ನೊಂದು ದಾರಿಯಲ್ಲಿ ಮಕ್ಕಳ ಕೈಗೆ ಬಂದಿದೆ: ತುಂಡಾದ ಕ್ರಯಾನುಗಳನ್ನು ಕರಗಿಸಿ ಸಿಲಿಕೋನ್ ಅಚ್ಚಿಗೆ ಹೊಯ್ದು ಹೂವು, ಚಿಟ್ಟೆ ಮಾಡುವುದು. ಮೇಣ ಅರವತ್ತು ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ, ಹದ ತಪ್ಪುವ ಭಯವಿಲ್ಲ, ಯಾರ ಮನೆಗೂ ಒಯ್ಯಬೇಕಾಗಿಲ್ಲ. ಬೀದಿ ಬೇಡದ ಅಚ್ಚಾದ್ದರಿಂದ ತೋಟದ ನಡುವಿನ ಒಂಟಿ ಮನೆಗೂ ಅದು ಸಲೀಸು. ನನ್ನ ದೃಷ್ಟಿಯಲ್ಲಿ ಇದು ಒಳ್ಳೆಯ ಆಟ, ಆದರೆ ಸಕ್ಕರೆ ಅಚ್ಚಿನ ಉತ್ತರಾಧಿಕಾರಿ ಅಲ್ಲ.

ಸಕ್ಕರೆ ಅಚ್ಚಿನ ಚರಿತ್ರೆ ಬರೆಯಲು ಹೊರಟವರಿಗೆ ಆ ಮರದ ತುಂಡುಗಳೇ ದೊಡ್ಡ ಆಧಾರ. ಕಡತಗಳು ಕಾರ್ಖಾನೆಯ ಲೆಕ್ಕ ಹೇಳುತ್ತವೆ, ಅಡುಗೆಮನೆಯದ್ದಲ್ಲ. ಅಟ್ಟದಲ್ಲಿ ಇಂಥ ಅಚ್ಚುಗಳಿದ್ದರೆ ಮಾರುವ ಮೊದಲು ಒಂದು ಕೆಲಸ ಮಾಡಿ: ಅದು ಯಾವ ಊರಿನಿಂದ ಬಂತು, ಯಾರು ಕೆತ್ತಿದರು, ಯಾವ ಮದುವೆಯಲ್ಲಿ ಯಾರ ಜೊತೆ ಮನೆಗೆ ಬಂತು ಎಂದು ಹಿರಿಯರನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದು ಅಚ್ಚಿಗೇ ಕಟ್ಟಿಡಿ.