ಒಂದೇ ಬಂಡೆ, ಎರಡು ಲೆಕ್ಕ: ತಾಳವಾಡಿಯ ಉತ್ತರ–ದಕ್ಷಿಣಗಳ ಕ್ರೋಮ್ ಮತ್ತು ಪ್ಲಾಟಿನಂ ನಿಕ್ಷೇಪಗಳನ್ನು ವಾರ್ಷಿಕ ವರದಿಗಳ ಬೆಳಕಿನಲ್ಲಿ ನೋಡುವ ಒಂದು ಪ್ರಯತ್ನ

ಈರೋಡ್ ಜಿಲ್ಲೆಯ ವಾಯವ್ಯ ಅಂಚಿನಲ್ಲಿ, ದಿಂಬಂ ಘಾಟಿಯ ಮೇಲೆ, ಚಾಮರಾಜನಗರಕ್ಕೆ ತಾಗಿಕೊಂಡಿರುವ ತಾಳವಾಡಿ ಪ್ರಸ್ಥಭೂಮಿ ಆಡಳಿತದಲ್ಲಿ ತಮಿಳುನಾಡಿಗೆ ಸೇರಿದ್ದರೂ ಮಾತು, ನಂಟಸ್ತಿಕೆ ಮತ್ತು ವ್ಯಾಪಾರಗಳಲ್ಲಿ ಬಹುಮಟ್ಟಿಗೆ ಕನ್ನಡ ಸೀಮೆಯದು. ಈ ಭಾಗದವರು ಕಣ್ಣಾರೆ ಕಂಡಿರುವ ಗಣಿಯೆಂದರೆ ಚಾಮರಾಜನಗರದ ಹೆಸರನ್ನು ಹೊರದೇಶಗಳಿಗೂ ಒಯ್ದ ಕರಿಕಲ್ಲಿನ ಕ್ವಾರಿ. ಆದರೆ ಭೂವಿಜ್ಞಾನದ ನಕ್ಷೆಯಲ್ಲಿ ತಾಳವಾಡಿಯ ಸ್ಥಾನಕ್ಕೆ ಇನ್ನೊಂದು ವಿಶೇಷವಿದೆ. ಇದರ ಉತ್ತರಕ್ಕೆ ಮೈಸೂರು–ನಂಜನಗೂಡು ಕಡೆಯ ಸಿಂಧುವಳ್ಳಿ, ತಳೂರುಗಳಿಂದ ಹಿಡಿದು ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಪಟ್ಟಿಯವರೆಗೆ ಕ್ರೋಮೈಟ್ ಅದಿರಿನ ಹಳೆಯ ಗಣಿಗಳಿವೆ. ದಕ್ಷಿಣಕ್ಕೆ ಘಾಟಿ ಇಳಿದರೆ ಭವಾನಿ ನದಿಯ ಬಯಲಿನಲ್ಲಿ, ಪ್ಲಾಟಿನಂ ಗುಂಪಿನ ಲೋಹಗಳಿಗಾಗಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಅನ್ವೇಷಣೆ ನಡೆಸಿರುವ ಮೆಟ್ಟುಪಾಳಯಂ ಶಿಲಾಸಂಕೀರ್ಣವಿದೆ. ಒಂದು ಕಡೆ ಕ್ರೋಮ್ ಮಾತ್ರ ಅಗೆಯಲಾಯಿತು, ಇನ್ನೊಂದು ಕಡೆ ಪ್ಲಾಟಿನಂ ಮಾತ್ರ ಹುಡುಕಲಾಯಿತು. ಇವೆರಡನ್ನೂ ಒಂದೇ ಬಂಡೆಯಿಂದ ತೆಗೆದು ಮಾರುವ ಕಂಪನಿಗಳು ದಕ್ಷಿಣ ಆಫ್ರಿಕದಲ್ಲಿವೆ. ಅವುಗಳ ವರ್ಷವರ್ಷದ ಉತ್ಪಾದನೆ ಮತ್ತು ಹಣಕಾಸಿನ ಅಂಕಿಗಳನ್ನು ಓದಿ, ಅದೇ ಅಳತೆಗೋಲನ್ನು ಇಲ್ಲಿನ ನಿಕ್ಷೇಪಗಳಿಗೆ ಹಿಡಿದರೆ ಏನು ಕಾಣುತ್ತದೆ ಎಂಬುದು ಈ ಲೇಖನದ ವಿಷಯ.

ಮೊದಲಿಗೆ ಈ ಎರಡು ಲೋಹಗಳು ಜೊತೆಯಾಗುವ ಬಗೆಯನ್ನು ಹೇಳಬೇಕು. ಭೂಮಿಯ ಒಳಪದರದಿಂದ ಮೇಲೆದ್ದ ಶಿಲಾಪಾಕ, ಅಂದರೆ ಕರಗಿದ ಬಂಡೆ, ದೊಡ್ಡ ಕೋಶಗಳಲ್ಲಿ ನಿಧಾನವಾಗಿ ಆರುವಾಗ ಅದರಲ್ಲಿನ ಭಾರವಾದ ಖನಿಜಗಳು ಪದರ ಪದರವಾಗಿ ಶೇಖರಗೊಳ್ಳುತ್ತವೆ. ಕ್ರೋಮಿಯಂ ಮತ್ತು ಕಬ್ಬಿಣದ ಆಕ್ಸೈಡ್ ಆದ ಕ್ರೋಮೈಟ್ ಹೀಗೆ ಒತ್ತಾಗಿ ಕಟ್ಟಿಕೊಂಡ ಕಪ್ಪು ಪದರಕ್ಕೆ ಕ್ರೋಮಿಟೈಟ್ ಎಂದು ಹೆಸರು. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ, ರುಥೇನಿಯಂ, ಇರಿಡಿಯಂ, ಆಸ್ಮಿಯಂ ಎಂಬ ಆರು ಲೋಹಗಳ ಗುಂಪು ಅನೇಕ ವೇಳೆ ಇಂಥ ಪದರಗಳಲ್ಲೋ ಅವುಗಳ ನೆರೆಯ ಗಂಧಕಯುಕ್ತ ಖನಿಜಗಳಲ್ಲೋ ಅತ್ಯಲ್ಪ ಪ್ರಮಾಣದಲ್ಲಿ ಸೇರಿರುತ್ತದೆ. ಸುಮಾರು 206 ಕೋಟಿ ವರ್ಷ ಹಳೆಯದಾದ ದಕ್ಷಿಣ ಆಫ್ರಿಕದ ಬುಶ್‌ವೆಲ್ಡ್ ಸಂಕೀರ್ಣ ಇದರ ಅತಿ ದೊಡ್ಡ ಉದಾಹರಣೆ. ನುಗ್ಗೇಹಳ್ಳಿಯ ಬಂಡೆಗಳು ವಯಸ್ಸಿನಲ್ಲಿ ಅದಕ್ಕಿಂತ ಬಹಳ ಹಿರಿಯವು, 300 ಕೋಟಿ ವರ್ಷಗಳಷ್ಟು ಹಿಂದಿನವು; ವಿಸ್ತಾರದಲ್ಲಿ ಮಾತ್ರ ಹೋಲಿಕೆಯೇ ಇಲ್ಲ.

ಬುಶ್‌ವೆಲ್ಡ್‌ನ ಪಶ್ಚಿಮ ಭಾಗದಲ್ಲಿ, ರಸ್ಟೆನ್‌ಬರ್ಗ್ ಪಟ್ಟಣದ ಹತ್ತಿರ, ಥರೀಸಾ ಎಂಬ ಕಂಪನಿ ತೆರೆದ ಗಣಿಯಲ್ಲಿ ಮಧ್ಯಶ್ರೇಣಿಯ ಕ್ರೋಮಿಟೈಟ್ ಪದರಗಳನ್ನು ಅಗೆಯುತ್ತದೆ. ವರ್ಷಕ್ಕೆ 50 ಲಕ್ಷ ಟನ್ನಿಗೂ ಹೆಚ್ಚು ಅದಿರು ಇಲ್ಲಿ ಅರೆಯಲ್ಪಡುತ್ತದೆ. ಅರೆದ ಪುಡಿಯನ್ನು ನೀರಿನೊಂದಿಗೆ ಸುರುಳಿಯಾಕಾರದ ದೋಣಿಗಳಲ್ಲಿ ಹರಿಯಬಿಟ್ಟಾಗ ಭಾರವಾದ ಕ್ರೋಮೈಟ್ ಒಳಬದಿಗೆ ಸರಿದು ಬೇರ್ಪಡುತ್ತದೆ. ಉಳಿದ ರಾಡಿಗೆ ರಾಸಾಯನಿಕ ಬೆರೆಸಿ ಗಾಳಿ ಊದಿದಾಗ ಪ್ಲಾಟಿನಂ ಗುಂಪಿನ ಲೋಹಗಳನ್ನು ಹೊತ್ತ ಕಣಗಳು ನೊರೆಗೆ ಅಂಟಿ ಮೇಲೆ ತೇಲುತ್ತವೆ. ಹೀಗೆ ಒಂದೇ ಅದಿರಿನಿಂದ ಎರಡು ಸಾಂದ್ರ ಸರಕುಗಳು ಹೊರಬೀಳುತ್ತವೆ. ಕ್ರೋಮ್ ಸಾಂದ್ರ ಹಡಗಿನಲ್ಲಿ, ಬಹುಪಾಲು ಚೀನಾಕ್ಕೆ, ಸ್ಟೇನ್‌ಲೆಸ್ ಸ್ಟೀಲ್ ತಯಾರಿಕೆಗೆ ಬೇಕಾದ ಫೆರೋಕ್ರೋಮ್ ಕುಲುಮೆಗಳಿಗೆ ಹೋಗುತ್ತದೆ. ಪ್ಲಾಟಿನಂ ಸಾಂದ್ರ ಅಲ್ಲೇ ಹತ್ತಿರದ ದೊಡ್ಡ ಕಂಪನಿಗಳ ಕುಲುಮೆಗೆ ಸೇರುತ್ತದೆ. ಅಲ್ಲಿ ಲೋಹದ ಪೂರ್ಣ ಬೆಲೆ ಸಿಗದೆ ಒಂದು ಭಾಗ ಸಂಸ್ಕರಣೆಯ ಖರ್ಚಿಗೆ ಕಳೆಯುತ್ತದೆ, ಹಣವೂ ಕೆಲವು ತಿಂಗಳು ತಡವಾಗಿ ಬರುತ್ತದೆ.

ವರದಿಗಳಲ್ಲಿ ಪ್ಲಾಟಿನಂ ಗುಂಪನ್ನು ಅಳೆಯುವುದು ಟ್ರಾಯ್ ಔನ್ಸ್‌ನಲ್ಲಿ. ಒಂದು ಔನ್ಸ್ ಎಂದರೆ 31.1 ಗ್ರಾಂ. 2022ರ ಸೆಪ್ಟೆಂಬರ್‌ಗೆ ಮುಗಿದ ಹಣಕಾಸು ವರ್ಷದಲ್ಲಿ ಥರೀಸಾ 1,79,200 ಔನ್ಸ್ ಪ್ಲಾಟಿನಂ ಗುಂಪಿನ ಲೋಹವನ್ನೂ ಸುಮಾರು 15.83 ಲಕ್ಷ ಟನ್ ಕ್ರೋಮ್ ಸಾಂದ್ರವನ್ನೂ ಉತ್ಪಾದಿಸಿತು. ಮರುವರ್ಷ ಮೊದಲನೆಯದು 1,44,700 ಔನ್ಸ್‌ಗೆ ಇಳಿಯಿತು, ಅಂದರೆ ಶೇ. 19ರಷ್ಟು ಕುಸಿತ, ಎರಡನೆಯದು 15.80 ಲಕ್ಷ ಟನ್ನಿನಲ್ಲಿ ಹೆಚ್ಚುಕಡಿಮೆ ಹಾಗೆಯೇ ನಿಂತಿತು. ಪ್ಲಾಟಿನಂ ಗುಂಪಿನ ಬೆಲೆಯೂ ಅದೇ ವರ್ಷ ಕುಸಿದಿದ್ದರಿಂದ ವರಮಾನ ನೆಲಕಚ್ಚಬೇಕಿತ್ತು. ಆದರೆ ಅದು 68.6 ಕೋಟಿ ಡಾಲರ್‌ನಿಂದ 65 ಕೋಟಿಗೆ, ಶೇ. 5ರಷ್ಟು ಮಾತ್ರ ಇಳಿಯಿತು. ಕಾರಣ, ಟನ್ನಿಗೆ 210 ಡಾಲರ್ ಆಸುಪಾಸಿನಲ್ಲಿದ್ದ ಕ್ರೋಮ್ ಸಾಂದ್ರದ ಸರಾಸರಿ ಬೆಲೆ 260ನ್ನು ದಾಟಿತ್ತು. 2024ರಲ್ಲಿ ಬೆಲೆ ಇನ್ನೂ ಏರಿ 300ರ ಹತ್ತಿರ ಬಂದಾಗ, ಪ್ಲಾಟಿನಂ ಉತ್ಪಾದನೆ ನಿಂತಲ್ಲೇ ಇದ್ದರೂ, ಕ್ರೋಮ್ ಉತ್ಪಾದನೆ 17 ಲಕ್ಷ ಟನ್ ಮುಟ್ಟಿ ಕಂಪನಿಯ ವರಮಾನ 72 ಕೋಟಿ ಡಾಲರ್ ಮೀರಿತು. ಪ್ಲಾಟಿನಂ ಕಂಪನಿಯೆಂದು ಷೇರುಪೇಟೆ ಕರೆಯುತ್ತಿದ್ದುದು ಆ ಹೊತ್ತಿಗೆ ವಾಸ್ತವದಲ್ಲಿ ಕ್ರೋಮ್ ಕಂಪನಿಯಾಗಿತ್ತು.

ಕ್ರೋಮ್‌ನ ಆಸರೆಯಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅದೇ ಸೀಮೆಯ ಸಿಲ್ವೇನಿಯಾ ಪ್ಲಾಟಿನಂ ಕಂಪನಿಯ ಲೆಕ್ಕ ಸಾಕ್ಷಿ. ಇದು ಹಳೆಯ ಕ್ರೋಮ್ ಗಣಿಗಳು ಹೊರಹಾಕಿದ ಟೇಲಿಂಗ್ಸ್ ರಾಶಿಗಳಿಂದ, ಅಂದರೆ ಅರೆದು ಸತ್ವ ತೆಗೆದ ಮೇಲೆ ಉಳಿದ ಹೂಳಿನಿಂದ, ಪ್ಲಾಟಿನಂ ಗುಂಪಿನ ಲೋಹಗಳನ್ನು ಸೋಸುತ್ತದೆ. 2023ರ ಜೂನ್‌ಗೆ ಮುಗಿದ ವರ್ಷದಲ್ಲಿ ಅದು 75,469 ಔನ್ಸ್ ತೆಗೆದು 4.54 ಕೋಟಿ ಡಾಲರ್ ನಿವ್ವಳ ಲಾಭ ಗಳಿಸಿತು. ಮರುವರ್ಷದ ಉತ್ಪಾದನೆ 72,704 ಔನ್ಸ್, ಶೇ. 4ರಷ್ಟೂ ಕಡಿಮೆಯಾಗಲಿಲ್ಲ, ಲಾಭ ಮಾತ್ರ 70 ಲಕ್ಷ ಡಾಲರ್‌ಗೆ ಬಂದು ನಿಂತಿತು. ಕಾರ್ಮಿಕರು ಅಷ್ಟೇ ದುಡಿದರು, ಯಂತ್ರಗಳು ಅಷ್ಟೇ ತಿರುಗಿದವು. ವಾಹನಗಳ ಹೊಗೆ ಶುದ್ಧಿಗೆ ಬೇಕಾಗುವ ರೋಡಿಯಂ 2021ರ ಮಾರ್ಚ್‌ನಲ್ಲಿ ಔನ್ಸಿಗೆ 29,000 ಡಾಲರ್ ಸುತ್ತಮುತ್ತ ಇದ್ದುದು 2023ರ ಕೊನೆಗೆ ನಾಲ್ಕೂವರೆ ಸಾವಿರಕ್ಕೆ ಇಳಿದದ್ದು, ಪಲ್ಲಾಡಿಯಂ 3,000ದಿಂದ 1,000ಕ್ಕೆ ಜಾರಿದ್ದು ಈ ಕುಸಿತದ ಮುಖ್ಯ ಕಾರಣ. ಆದ್ದರಿಂದ ಉತ್ಪಾದನೆಯ ಅಂಕಿಯನ್ನು ಮಾತ್ರ ನೋಡಿ ಇಂಥ ಕಂಪನಿಯ ವರ್ಷವನ್ನು ಒಳ್ಳೆಯದೆಂದೋ ಕೆಟ್ಟದೆಂದೋ ತೀರ್ಮಾನಿಸುವುದು ಹುಸಿ.

ಇನ್ನೊಂದು ಕಡೆ ವೆಚ್ಚದ ತೊಡಕಿದೆ. ಸಂಬಳ, ವಿದ್ಯುತ್, ಡೀಸೆಲ್‌ಗಳನ್ನು ದಕ್ಷಿಣ ಆಫ್ರಿಕದ ನಾಣ್ಯವಾದ ರ‍್ಯಾಂಡ್‌ನಲ್ಲಿ ಕೊಟ್ಟು ಮಾಲಿಗೆ ಡಾಲರ್ ಎಣಿಸುವ ಈ ಗಣಿಗಳಿಗೆ ರ‍್ಯಾಂಡ್ ದುರ್ಬಲವಾದಷ್ಟೂ ಅನುಕೂಲ. 2023ರಲ್ಲಿ ದೇಶವ್ಯಾಪಿಯಾಗಿದ್ದ ವಿದ್ಯುತ್ ಕಡಿತದ ಹೊಡೆತವನ್ನು ಅದು ಸ್ವಲ್ಪ ಮೆತ್ತಗೆ ಮಾಡಿತು. ಇದಕ್ಕಿಂತ ಸೂಕ್ಷ್ಮವಾದದ್ದು ಹಂಚಿಕೆಯ ಪ್ರಶ್ನೆ. ಅಗೆಯುವ, ಸಾಗಿಸುವ, ಅರೆಯುವ ಖರ್ಚು ಎರಡೂ ಸರಕಿಗೆ ಸಾಮಾನ್ಯ. ಅದರಲ್ಲಿ ಎಷ್ಟನ್ನು ಕ್ರೋಮ್‌ನ ತಲೆಗೆ ಕಟ್ಟಬೇಕು, ಎಷ್ಟನ್ನು ಪ್ಲಾಟಿನಂಗೆ ಎಂಬುದನ್ನು ಲೆಕ್ಕಿಗರು ಸೂತ್ರವೊಂದರಿಂದ ನಿರ್ಧರಿಸುತ್ತಾರೆಯೇ ಹೊರತು ಬಂಡೆ ಅದನ್ನು ಹೇಳುವುದಿಲ್ಲ. ಒಂದನ್ನು ಉಪಉತ್ಪನ್ನವೆಂದು ಪರಿಗಣಿಸಿ ಅದರ ವರಮಾನವನ್ನು ಇನ್ನೊಂದರ ವೆಚ್ಚದಿಂದ ಕಳೆದರೆ, ಔನ್ಸಿನ ತಯಾರಿಕಾ ವೆಚ್ಚ ಸೊನ್ನೆಗಿಂತ ಕೆಳಗೆ ಹೋದಂತೆಯೂ ತೋರಿಸಬಹುದು. ಹಾಗಾಗಿ ಎರಡು ಕಂಪನಿಗಳ ಔನ್ಸ್‌ವಾರು ವೆಚ್ಚವನ್ನು ನೇರವಾಗಿ ಪಕ್ಕಪಕ್ಕ ಇಡಬಾರದು; ಅರೆದ ಪ್ರತಿ ಟನ್ ಅದಿರಿಗೆ ಒಟ್ಟು ಖರ್ಚೆಷ್ಟು, ಒಟ್ಟು ಗಳಿಕೆಯೆಷ್ಟು ಎಂದು ನೋಡುವುದೇ ಸರಿಯಾದ ದಾರಿ.

ಈ ಅಳತೆಯನ್ನು ಉತ್ತರದ ಗಣಿಗಳಿಗೆ ಹಿಡಿಯಬಹುದು. ಮೈಸೂರು ಸಂಸ್ಥಾನದಲ್ಲಿ ಭೂವಿಜ್ಞಾನ ಇಲಾಖೆ ಸ್ಥಾಪನೆಯಾದದ್ದು 1894ರಲ್ಲಿ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಕ್ರೋಮೈಟ್ ಗಣಿಗಾರಿಕೆ ಆರಂಭವಾಗಿತ್ತು. ಡಬ್ಲ್ಯು. ಎಫ್. ಸ್ಮೀತ್ ಮತ್ತು ಪಿ. ಸಂಪತ್ ಅಯ್ಯಂಗಾರ್ 1916ರಲ್ಲಿ ಸಂಸ್ಥಾನದ ಖನಿಜ ಸಂಪತ್ತಿನ ಬಗ್ಗೆ ಬರೆದ ವರದಿಯ ಕಾಲಕ್ಕೆ ಇದು ಪರಿಚಿತ ಉದ್ಯಮ. 1966ರಲ್ಲಿ ಹುಟ್ಟಿದ ಮೈಸೂರು ಮಿನರಲ್ಸ್ ಲಿಮಿಟೆಡ್, ಈಗಿನ ಕರ್ನಾಟಕ ರಾಜ್ಯ ಖನಿಜ ನಿಗಮ, ಚನ್ನರಾಯಪಟ್ಟಣ ತಾಲ್ಲೂಕಿನ ಬೈರಾಪುರದಲ್ಲಿ ನೆಲದಡಿಯ ಗಣಿ ನಡೆಸಿತು. ಇಲ್ಲಿನ ಕ್ರೋಮೈಟ್ ಬುಶ್‌ವೆಲ್ಡ್‌ನಂತೆ ಮೈಲಿಗಟ್ಟಲೆ ಚಾಚಿದ ಹಾಸುಪದರವಲ್ಲ. ಮಡಿಕೆ ಬಿದ್ದು, ಕತ್ತರಿಸಿ, ಮಸೂರದಂಥ ತುಂಡುಗಳಾಗಿ ಸರ್ಪೆಂಟಿನ್ ಬಂಡೆಯ ನಡುವೆ ಸಿಕ್ಕಿಹಾಕಿಕೊಂಡಿರುವಂಥದು. ಅದರ ಹಿಂದೆ ಹೋಗಬೇಕಾದ ಗಣಿ ಆಳಕ್ಕಿಳಿದಷ್ಟೂ ಟನ್ನಿನ ಖರ್ಚು ಏರುತ್ತದೆ, ದೇಶದ ಕ್ರೋಮೈಟಿನ ಶೇ. 95ಕ್ಕೂ ಹೆಚ್ಚನ್ನು ಹೊಂದಿರುವ ಒಡಿಶಾದ ಸುಕಿಂದಾದ ತೆರೆದ ಗಣಿಗಳ ಜೊತೆ ಬೆಲೆಯಲ್ಲಿ ಸೆಣಸಲಾರದು. ಪ್ಲಾಟಿನಂ ಗುಂಪಿನ ಆಸರೆ ಸಿಕ್ಕಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು. ಆದರೆ ನುಗ್ಗೇಹಳ್ಳಿಯ ಕ್ರೋಮಿಟೈಟ್‌ಗಳಲ್ಲಿ ಅದು ಟನ್ನಿಗೆ ಗ್ರಾಂನ ಅಲ್ಪಾಂಶ ಮಾತ್ರ ಎಂದು ವಿಶ್ಲೇಷಣೆಗಳು ತೋರಿಸಿವೆ. ಥರೀಸಾದ ಅದಿರಿನಲ್ಲಿ ಅದು ಒಂದೂವರೆ ಗ್ರಾಂ ಆಸುಪಾಸಿನಲ್ಲಿರುತ್ತದೆ.

ಪ್ಲಾಟಿನಂ ನಿಜವಾಗಿ ಗಮನ ಸೆಳೆದದ್ದು ಚನ್ನಗಿರಿ ಸೀಮೆಯ ಹನುಮಲಾಪುರದಲ್ಲಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಟಿ. ಸಿ. ದೇವರಾಜು ಮತ್ತು ಅವರ ಫಿನ್ಲೆಂಡಿನ ಸಹಸಂಶೋಧಕರು ಇಲ್ಲಿನ ಕಬ್ಬಿಣಸಮೃದ್ಧ ಸಂಕೀರ್ಣದಲ್ಲಿ ಈ ಲೋಹಗಳ ಇರುವಿಕೆಯನ್ನು ವಿವರವಾಗಿ ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿದರು. ಭಾರತೀಯ ಗಣಿ ಬ್ಯೂರೋ ದಾಖಲಿಸಿದ ಅಂದಾಜಿನಲ್ಲಿ ದೇಶದ 15.7 ಟನ್ ಪ್ಲಾಟಿನಂ ಗುಂಪಿನ ಲೋಹದ ಪೈಕಿ ಒಡಿಶಾದ ಪಾಲು 14.2 ಟನ್, ಹನುಮಲಾಪುರದ್ದು 1.5 ಟನ್. ಥರೀಸಾ 2023ರಲ್ಲಿ, ಅದೂ ಕುಸಿತದ ವರ್ಷದಲ್ಲಿ, ತೆಗೆದದ್ದು ಸುಮಾರು 4.5 ಟನ್. ಎಂದರೆ ಹನುಮಲಾಪುರದ ಅಂದಾಜು ಸಂಪತ್ತು ಒಂದು ಮಧ್ಯಮ ಗಾತ್ರದ ಗಣಿಗೆ ನಾಲ್ಕು ತಿಂಗಳ ಕೆಲಸ; ಇಡೀ ದೇಶದ್ದು ಮೂರೂವರೆ ವರ್ಷದ್ದು. ಅಷ್ಟಕ್ಕಾಗಿ ಅರೆಯುವ ಘಟಕ, ಕುಲುಮೆ, ಶುದ್ಧೀಕರಣ ಶಾಲೆಗಳನ್ನು ಕಟ್ಟುವ ಬಂಡವಾಳ ಮರಳುವ ದಾರಿ ಪ್ಲಾಟಿನಂನಿಂದ ಮಾತ್ರ ತೆರೆಯಲಾರದು. ಹನುಮಲಾಪುರದ ನೆರೆಯಲ್ಲಿ ಮಸಣೀಕೆರೆ, ತಾವರೆಕೆರೆ, ಉಬ್ರಾಣಿಗಳ ಉದ್ದಕ್ಕೂ ಟೈಟಾನಿಯಂ ಮತ್ತು ವನೇಡಿಯಂ ಹೊತ್ತ ಮ್ಯಾಗ್ನೆಟೈಟ್ ಅದಿರಿದೆ. ಅಲ್ಲಿ ಖರ್ಚು ಹೊರಬಲ್ಲ ಜೊತೆಗಾರ ಕ್ರೋಮ್ ಅಲ್ಲ, ವನೇಡಿಯಂ ಎಂದು ಯೋಚಿಸುವುದು ಹೆಚ್ಚು ಸಮಂಜಸ. ನಿಕ್ಷೇಪವನ್ನು ಟನ್ ಲೋಹದಲ್ಲಿ ಮಾತ್ರ ಹೇಳುವ ಸರ್ಕಾರಿ ಪಟ್ಟಿಗಳು ಈ ಜೊತೆಗಾರನ ಹೆಸರನ್ನು ಹೇಳುವುದೇ ಇಲ್ಲ.

ಘಾಟಿಯ ಕೆಳಗೆ ಸ್ಥಿತಿ ಇನ್ನಷ್ಟು ಬಿಗಿ. ಕೊಯಮತ್ತೂರು ಮತ್ತು ಈರೋಡ್ ಜಿಲ್ಲೆಗಳಲ್ಲಿ ಹರಡಿರುವ ಮೆಟ್ಟುಪಾಳಯಂ ಸಂಕೀರ್ಣದ ಸೋಳವನೂರು, ಮಲ್ಲನಾಯಕ್ಕನ್‌ಪಾಳಯಂ, ಕರಪ್ಪಾಡಿ ಭಾಗಗಳಲ್ಲಿ ಪ್ಲಾಟಿನಂ ಗುಂಪಿನ ಕುರುಹುಗಳು ಸಿಕ್ಕಿವೆ. ಪೂರ್ವಕ್ಕೆ ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿಯಲ್ಲಿ ಕ್ರೋಮಿಟೈಟ್ ಪದರಗಳೂ ಪ್ಲಾಟಿನಂ ಗುಂಪೂ ಜೊತೆಯಾಗಿಯೇ ಇವೆ. ಮೇಲ್ನೋಟಕ್ಕೆ ಬುಶ್‌ವೆಲ್ಡ್‌ಗೆ ಅತಿ ಹತ್ತಿರದ ಹೋಲಿಕೆ ಇದು. ಆದರೆ ಇಲ್ಲಿನ ಕ್ರೋಮೈಟ್‌ನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಹೆಚ್ಚು, ಕ್ರೋಮಿಯಂ ಕಡಿಮೆ, ಶೇ. 42ರ ಆಸುಪಾಸಿನ ಕ್ರೋಮಿಯಂ ಆಕ್ಸೈಡ್ ಇರುವ ಸಾಂದ್ರವನ್ನು ಬಯಸುವ ಫೆರೋಕ್ರೋಮ್ ಮಾರುಕಟ್ಟೆಗೆ ಅದು ಒಗ್ಗುವುದಿಲ್ಲ. ಥರೀಸಾವನ್ನು 2023ರಲ್ಲಿ ಎತ್ತಿಹಿಡಿದ ಕಂಬವೇ ಇಲ್ಲಿ ಟೊಳ್ಳು.

2023ರಲ್ಲಿ ತಿದ್ದುಪಡಿಯಾದ ಗಣಿ ಕಾಯ್ದೆ ಪ್ಲಾಟಿನಂ ಗುಂಪನ್ನು ಕೇಂದ್ರವೇ ಹರಾಜು ಹಾಕಬೇಕಾದ ನಿರ್ಣಾಯಕ ಖನಿಜಗಳಲ್ಲಿ ಸೇರಿಸಿತು. ಹರಾಜಿನಲ್ಲಿ ಭಾಗವಹಿಸುವವರು ತಮ್ಮ ಲೆಕ್ಕದಲ್ಲಿ ಹಿಡಿಯಬೇಕಾದ, ಆದರೆ ಲಾಭ–ನಷ್ಟದ ತಃಖ್ತೆಯಲ್ಲಿ ಸುಲಭವಾಗಿ ಕಾಣದ ಕೆಲವು ಬಾಬತ್ತುಗಳಿವೆ. ಸತ್ಯಮಂಗಲ ಕಾಡು 2013ರಿಂದ ಹುಲಿ ಸಂರಕ್ಷಿತ ಪ್ರದೇಶ. ರಾಷ್ಟ್ರೀಯ ಉದ್ಯಾನ ಮತ್ತು ವನ್ಯಧಾಮಗಳ ಒಳಗೂ ಅವುಗಳ ಗಡಿಯಿಂದ ಒಂದು ಕಿಲೋಮೀಟರ್ ವರೆಗೂ ಗಣಿಗಾರಿಕೆ ಕೂಡದೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿದೆ. ದಿಂಬಂ ಘಾಟಿಯ 27 ತಿರುವುಗಳಲ್ಲಿ 2022ರ ಫೆಬ್ರವರಿಯಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ ರಾತ್ರಿ ಸಂಚಾರಕ್ಕೂ ಭಾರಿ ಲಾರಿಗಳಿಗೂ ನಿರ್ಬಂಧವಿದೆ. ತಾಳವಾಡಿಯ ಕೋಸು, ಆಲೂಗಡ್ಡೆಗಳ ಸಾಗಣೆಗೇ ಇದು ತೊಡಕಾಗಿರುವಾಗ, ಉತ್ತರದ ಅದಿರನ್ನು ದಕ್ಷಿಣದ ಘಟಕಕ್ಕೆ ಈ ದಾರಿಯಲ್ಲಿ ಇಳಿಸುವ ಯೋಜನೆ ಕಾಗದದ ಮೇಲೂ ನಿಲ್ಲುವುದಿಲ್ಲ. ಇನ್ನು ಕ್ರೋಮ್‌ನ ಹಿಂದೆ ಉಳಿಯುವ ಕಸದ ಮಾತು: ಚರ್ಮ ಹದಮಾಡುವ ಕ್ರೋಮ್ ಲವಣ ತಯಾರಿಸುತ್ತಿದ್ದ ರಾಣಿಪೇಟೆಯ ಕಾರ್ಖಾನೆ 1990ರ ದಶಕದಲ್ಲಿ ಬಾಗಿಲು ಹಾಕಿದಾಗ ಎರಡು ಲಕ್ಷ ಟನ್ನಿಗೂ ಹೆಚ್ಚು ಕ್ರೋಮಿಯಂ ತ್ಯಾಜ್ಯ ಅಲ್ಲೇ ಉಳಿದು ಅಂತರ್ಜಲಕ್ಕೆ ಇಳಿಯಿತು. ಲಂಡನ್, ಜೊಹಾನ್ಸ್‌ಬರ್ಗ್‌ಗಳಲ್ಲಿ ನೋಂದಾಯಿತವಾದ ಗಣಿ ಕಂಪನಿಗಳು ಗಣಿ ಮುಚ್ಚಿ ನೆಲ ಸರಿಪಡಿಸುವ ಖರ್ಚನ್ನು ಪ್ರತಿ ವರ್ಷ ಹೊಣೆಗಾರಿಕೆಯಾಗಿ ಆಸ್ತಿ–ಸಾಲದ ಪಟ್ಟಿಯಲ್ಲಿ ತೋರಿಸಬೇಕು. ರಾಣಿಪೇಟೆಯಲ್ಲಿ ಆ ಬಾಕಿ ಸಾರ್ವಜನಿಕರ ಪಾಲಿಗೆ ಬಂತು.

ಹೀಗಿರುವಾಗ ಹೊಸ ಗಣಿಗಿಂತ ಹಳೆಯ ಹೂಳೇ ಮೊದಲು ಪರೀಕ್ಷೆಗೆ ಅರ್ಹ. ಬೈರಾಪುರದ ಟೇಲಿಂಗ್ಸ್‌ನಿಂದ ಕ್ರೋಮೈಟ್ ಮರಳಿ ಪಡೆಯುವ ಬಗ್ಗೆ ಪ್ರಯೋಗಾಲಯ ಅಧ್ಯಯನಗಳು ನಡೆದಿವೆ. ಅಲ್ಲಿನ ಕಣ ಈಗಾಗಲೇ ಅರೆದದ್ದು, ಆದ್ದರಿಂದ ಗಣಿಯ ಅತಿ ದುಬಾರಿ ಹಂತಗಳಾದ ಅಗೆತ ಮತ್ತು ಒಡೆತದ ಖರ್ಚು ಇಲ್ಲ. ಕಾಡು ಕಡಿಯಬೇಕಿಲ್ಲ, ಘಾಟಿ ಇಳಿಸಬೇಕಿಲ್ಲ. ಪ್ಲಾಟಿನಂ ಗುಂಪು ಇಲ್ಲಿ ಸಿಲ್ವೇನಿಯಾದ ರಾಶಿಗಳಷ್ಟು ಇರುವ ನಿರೀಕ್ಷೆಯಿಲ್ಲವಾದರೂ, ರಾಶಿಯ ಬೇರೆ ಬೇರೆ ಆಳಗಳಿಂದ ಮಾದರಿ ತೆಗೆದು ಕ್ರೋಮಿಯಂ ಆಕ್ಸೈಡ್, ನಿಕ್ಕಲ್ ಮತ್ತು ಪ್ಲಾಟಿನಂ ಗುಂಪು ಮೂರನ್ನೂ ಒಟ್ಟಿಗೆ ಅಳೆದು, ಟನ್ ಹೂಳಿಗೆ ಎಷ್ಟು ಗಳಿಕೆ, ಎಷ್ಟು ಖರ್ಚು, ರಾಶಿಯನ್ನು ತೆರವು ಮಾಡಿದ ಮೇಲೆ ನೆಲಕ್ಕೆ ಎಷ್ಟು ಎಂಬ ಮೂರು ಅಂಕಣಗಳ ಲೆಕ್ಕವನ್ನು ಪ್ರಕಟಿಸುವುದು ರಾಜ್ಯ ಖನಿಜ ನಿಗಮದಂಥ ಸಂಸ್ಥೆಗೆ ಅಸಾಧ್ಯವಾದ ಕೆಲಸವಲ್ಲ. ಅದೇ ಮೂರು ಅಂಕಣಗಳನ್ನು ಸೋಳವನೂರಿಗೂ ಸಿತ್ತಂಪೂಂಡಿಗೂ ತುಂಬಿ ನೋಡಿದ ಮೇಲೆ ಹರಾಜಿನ ಮೂಲಬೆಲೆ ಗೊತ್ತುಮಾಡಬಹುದು.