ಸೂನಿ ತಾರಾಪೊರೇವಾಲಾ: ಸ್ಥಿರಚಿತ್ರದಿಂದ ಚಲನಚಿತ್ರದವರೆಗೆ

ಸ್ಥಿರಚಿತ್ರ ಛಾಯಾಗ್ರಹಣದಿಂದ ಚಿತ್ರಕಥೆಗೆ, ಅಲ್ಲಿಂದ ನಿರ್ದೇಶನಕ್ಕೆ ಸಾಗಿದ ಕಲಾವಿದರು ಭಾರತದಲ್ಲಿ ವಿರಳ. ಅಂಥವರಲ್ಲಿ ಮುಂಬಯಿಯ ಸೂನಿ ತಾರಾಪೊರೇವಾಲಾ ಪ್ರಮುಖರು.

1957ರಲ್ಲಿ ಪಾರ್ಸಿ ಕುಟುಂಬದಲ್ಲಿ ಜನಿಸಿದ ಸೂನಿ, ವಿದ್ಯಾರ್ಥಿವೇತನ ಪಡೆದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿದರು. ಸಹವಾಸಿಯಿಂದ ಸಾಲ ಪಡೆದು ಕ್ಯಾಮೆರಾ ಕೊಂಡದ್ದು ಅಲ್ಲಿಯೇ. ಮುಂದೆ ನಿರ್ದೇಶಕಿಯಾದ ಮೀರಾ ನಾಯರ್ ಅವರ ಸ್ನೇಹ ದೊರೆತದ್ದೂ ಅಲ್ಲಿಯೇ. 1981ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಿಂದ ಸಿನಿಮಾ ಅಧ್ಯಯನದಲ್ಲಿ ಸ್ನಾತಕೋತ್ತರ ಪದವಿ ಪಡೆದ ಬಳಿಕ ಸ್ವದೇಶಕ್ಕೆ ಮರಳಿ, ಹವ್ಯಾಸಿ ಛಾಯಾಗ್ರಾಹಕಿಯಾಗಿ ವೃತ್ತಿ ಆರಂಭಿಸಿದರು.

ಮುಂಬಯಿಯ ಬೀದಿಮಕ್ಕಳ ಬದುಕನ್ನಾಧರಿಸಿದ ‘ಸಲಾಂ ಬಾಂಬೆ’ (1988) ಅವರಿಗೆ ಚಿತ್ರಕಥೆಗಾರ್ತಿಯಾಗಿ ಹೆಸರು ತಂದಿತು. ಮೀರಾ ನಿರ್ದೇಶನದ ಈ ಚಿತ್ರ ಕಾನ್ ಚಿತ್ರೋತ್ಸವದಲ್ಲಿ ‘ಕ್ಯಾಮೆರಾ ದೋರ್’ ಪ್ರಶಸ್ತಿ ಗಳಿಸಿ, ಆಸ್ಕರ್‌ಗೂ ನಾಮನಿರ್ದೇಶನಗೊಂಡಿತು. ‘ಮಿಸಿಸಿಪ್ಪಿ ಮಸಾಲಾ’ (1991) ಮತ್ತು ‘ದಿ ನೇಮ್‌ಸೇಕ್’ (2006) ಇದೇ ಜೋಡಿಯ ಕೃತಿಗಳು. ಜಬ್ಬಾರ್ ಪಟೇಲ್ ನಿರ್ದೇಶಿಸಿದ ‘ಡಾ. ಬಾಬಾಸಾಹೇಬ್ ಅಂಬೇಡ್ಕರ್’ ಚಿತ್ರದ ಬರವಣಿಗೆಯಲ್ಲೂ ಅವರ ಪಾಲಿದೆ.

ಲೇಖನಿ ಹಿಡಿದರೂ ಸೂನಿ ಕ್ಯಾಮೆರಾ ಕೆಳಗಿಡಲಿಲ್ಲ. ಸ್ವಂತ ಬಂಧುಬಳಗದಿಂದ ಆರಂಭಿಸಿ ಎರಡು ದಶಕಗಳ ಕಾಲ ಪಾರ್ಸಿಗಳ ಮನೆ, ಮದುವೆ, ಮುಪ್ಪುಗಳನ್ನು ಸೆರೆಹಿಡಿದರು. ಈ ಚಿತ್ರಗಳು 2000ದಲ್ಲಿ ಗ್ರಂಥರೂಪದಲ್ಲಿ ಪ್ರಕಟಗೊಂಡವು. ಇದರ ಮಹತ್ವ ಅರಿಯಲು ಜನಗಣತಿಯನ್ನು ಗಮನಿಸಬೇಕು: 2001ರಲ್ಲಿ 69,601 ಇದ್ದ ದೇಶದ ಪಾರ್ಸಿಗಳ ಸಂಖ್ಯೆ 2011ರಲ್ಲಿ 57,264ಕ್ಕೆ ಇಳಿಯಿತು. ಕುಗ್ಗುತ್ತಿರುವ ಸಮುದಾಯವೊಂದಕ್ಕೆ ಕುಟುಂಬದ ಆಲ್ಬಂ ಕೂಡ ಚರಿತ್ರೆಯ ದಾಖಲೆಯೇ.

ಆದರೆ ಸಮುದಾಯದೊಳಗಿನ ಜಗಳ ಸ್ಥಿರಚಿತ್ರದ ಚೌಕಟ್ಟಿಗೆ ಒಗ್ಗುವಂಥದ್ದಲ್ಲ. ಅವರ ಪ್ರಥಮ ನಿರ್ದೇಶನದ ‘ಲಿಟಲ್ ಝಿಝೂ’ ಅದನ್ನೇ ಕೈಗೆತ್ತಿಕೊಂಡಿತು. ಜನಾಂಗದ ಶುದ್ಧಿಯನ್ನು ಸಾರುವ ಸ್ವಘೋಷಿತ ಧರ್ಮಗುರು, ಅವನನ್ನು ವಿರೋಧಿಸುವ ಪತ್ರಿಕಾ ಸಂಪಾದಕ, ಇವರಿಬ್ಬರ ನಡುವೆ ಫುಟ್‌ಬಾಲ್ ತಾರೆ ಝಿಡಾನ್‌ನ ಕನಸು ಕಾಣುವ ತಾಯಿಯಿಲ್ಲದ ಬಾಲಕ. ಗಂಭೀರ ವಿಷಯಕ್ಕೆ ಹಾಸ್ಯದ ಲೇಪ. 2009ರಲ್ಲಿ ಭಾರತದಲ್ಲಿ ಬಿಡುಗಡೆಗೊಂಡ ಈ ಚಿತ್ರಕ್ಕೆ ಕುಟುಂಬ ಕಲ್ಯಾಣ ವಿಭಾಗದ ರಾಷ್ಟ್ರಪ್ರಶಸ್ತಿ ಸಂದಿತು. ನಿರ್ದೇಶಕಿಯ ಇಬ್ಬರು ಮಕ್ಕಳೂ ಇದರಲ್ಲಿ ನಟಿಸಿದ್ದಾರೆ.

2014ರಲ್ಲಿ ಅವರಿಗೆ ಪದ್ಮಶ್ರೀ ಗೌರವ ದೊರೆಯಿತು. ಎರಡನೆಯ ಚಿತ್ರ ‘ಯೇ ಬ್ಯಾಲೆ’ 2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ತೆರೆಕಂಡಿತು. ಬ್ಯಾಲೆ ಕಲಿತ ಮುಂಬಯಿಯ ಇಬ್ಬರು ಬಡ ಹುಡುಗರ ನಿಜಕಥೆ ಇದರ ವಸ್ತು. ಅವರಲ್ಲೊಬ್ಬನಾದ ಮನೀಶ್ ಚೌಹಾಣ್ ತನ್ನ ಪಾತ್ರವನ್ನು ತಾನೇ ನಿರ್ವಹಿಸಿದ್ದು ವಿಶೇಷ. ಈ ವಸ್ತುವಿನ ಮೇಲೆ ಸೂನಿ ಮೊದಲು ನಿರ್ಮಿಸಿದ್ದು ಕಿರು ಸಾಕ್ಷ್ಯಚಿತ್ರ. ಇದ್ದದ್ದನ್ನು ಮೊದಲು ದಾಖಲಿಸಿ ನಂತರ ಕಥೆ ಹೇಳುವ ಛಾಯಾಗ್ರಾಹಕಿಯ ಶಿಸ್ತು ನಿರ್ದೇಶಕಿಯಲ್ಲೂ ಉಳಿದುಕೊಂಡಿದೆ.