ಮರಿ ಗುರ್ ಅಂದ್ರೆ ಹೊಡೀಬೇಡಿ, ಕೇಳಿಸ್ಕೊಳ್ಳಿ

ಬೀದಿಯಲ್ಲಿ ಸಿಕ್ಕ ಎರಡು ತಿಂಗಳ ನಾಯಿಮರಿಯನ್ನು ಮನೆಗೆ ತಂದ ಮೊದಲ ವಾರ ನನಗೆ ಬಂದ ಸಲಹೆಗಳಲ್ಲಿ ತುಂಬಾ ಜೋರಾಗಿದ್ದದ್ದು ಇದು: "ತಿಂತಿರುವಾಗ್ಲೇ ತಟ್ಟೆ ಕಿತ್ಕೋ. ಯಜಮಾನ ಯಾರು ಅಂತ ಅದಕ್ಕೆ ಈಗ್ಲೇ ಗೊತ್ತಾಗ್ಬೇಕು." ಹಾಗೇ ಮಾಡಿದೆ. ಮೊದಲ ದಿನ ಮರಿ ಪಿಳಿಪಿಳಿ ನೋಡಿತು. ನಾಲ್ಕನೇ ದಿನ ಗಬಗಬ ನುಂಗತೊಡಗಿತು. ಎಂಟನೇ ದಿನ ನಾನು ಅಡುಗೆಮನೆಗೆ ಕಾಲಿಟ್ಟ ಕೂಡಲೇ ತಟ್ಟೆಯ ಮೇಲೆ ಬಾಗಿ ಗುರ್ ಅಂದಿತು. ಇಲ್ಲದ ಸಮಸ್ಯೆಯನ್ನು ನಾನೇ ಒಂದೇ ವಾರದಲ್ಲಿ ತಯಾರಿಸಿದ್ದೆ.

ಏನಿದು?

ನಾಯಿ ತನಗೆ ಮುಖ್ಯ ಅನಿಸಿದ್ದನ್ನು ಯಾರಾದರೂ ಕಿತ್ಕೋತಾರೆ ಅನ್ನೋ ಭಯದಲ್ಲಿ ಕಾಯುವುದಕ್ಕೆ ತರಬೇತುದಾರರು 'ರಿಸೋರ್ಸ್ ಗಾರ್ಡಿಂಗ್' ಅಂತಾರೆ. ಕಾಯೋದು ಊಟವೇ ಆಗಬೇಕಿಲ್ಲ. ಮೂಳೆ, ಚಪ್ಪಲಿ, ಸೋಫಾದ ಮೂಲೆ, ಕೆಲವೊಮ್ಮೆ ಮನೆಯ ಒಬ್ಬ ವ್ಯಕ್ತಿಯೂ ಆಗಬಹುದು. ಇದು ಕೆಟ್ಟ ಗುಣವೂ ಅಲ್ಲ, ಜಾತಿಯ ದೋಷವೂ ಅಲ್ಲ. ಒಂದೇ ತಟ್ಟೆಗೆ ಐದಾರು ಮರಿಗಳು ಮುಗಿಬೀಳುವ ಕಡೆ ತನ್ನ ಪಾಲು ಕಾಯ್ದುಕೊಳ್ಳುವುದು ಬದುಕುಳಿಯುವ ದಾರಿ. ಆ ಅಭ್ಯಾಸ ಮನುಷ್ಯರ ಕಡೆ ತಿರುಗಿದಾಗಲೇ ಅಪಾಯ.

ಇದು ದಿಢೀರ್ ಅಂತ ಬರಲ್ಲ. ಮೊದಲು ಮರಿ ತಿನ್ನೋ ವೇಗ ಹೆಚ್ಚುತ್ತೆ. ಆಮೇಲೆ ನೀವು ಹತ್ತಿರ ಹೋದರೆ ಮೈ ಬಿಗಿಯಾಗಿ ಅಲ್ಲಾಡದೆ ನಿಲ್ಲುತ್ತೆ, ತಲೆ ತಗ್ಗಿಸಿ ಕಣ್ಣಂಚಲ್ಲಿ ನೋಡುತ್ತೆ. ನಂತರ ಗುರುಗುಟ್ಟುವುದು, ಹಲ್ಲು ತೋರಿಸುವುದು, ಗಾಳಿಗೆ ಬಾಯಿ ಹಾಕುವುದು. ಕಚ್ಚುವುದು ಸಾಮಾನ್ಯವಾಗಿ ಕೊನೆಯ ಮೆಟ್ಟಿಲು.

'ಯಜಮಾನ' ಸಿದ್ಧಾಂತದ ಕಥೆ

ತಟ್ಟೆ ಕಿತ್ಕೊಳ್ಳೋ ಸಲಹೆಯ ಹಿಂದೆ 'ಆಲ್ಫಾ' ಕಲ್ಪನೆ ಇದೆ. 1947ರಲ್ಲಿ ರುಡಾಲ್ಫ್ ಶೆಂಕಲ್ ಬಂಧನದಲ್ಲಿದ್ದ ತೋಳಗಳನ್ನು ಗಮನಿಸಿ ಬರೆದದ್ದು ಇದರ ಮೂಲ. ಅದನ್ನು ಜನಪ್ರಿಯ ಮಾಡಿದವರಲ್ಲಿ ಅಮೆರಿಕದ ತೋಳ ವಿಜ್ಞಾನಿ ಡೇವಿಡ್ ಮೆಕ್ ಮುಖ್ಯರು. ಆದರೆ ಕಾಡಿನ ತೋಳಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಅವರೇ, 1999ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ತೋಳದ ಗುಂಪು ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳ ಕುಟುಂಬ, ಅಲ್ಲಿ ಕಾದಾಡಿ ಗೆದ್ದ ದೊರೆ ಅಂತ ಇರಲ್ಲ ಎಂದರು. ವಿಜ್ಞಾನಿ ಮಾತು ಬದಲಿಸಿ ಕಾಲು ಶತಮಾನ ಆಯ್ತು, ನಮ್ಮ ಬೀದಿಯ ಸಲಹೆ ಮಾತ್ರ ಬದಲಾಗಿಲ್ಲ.

ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು ನಾಯಿ ಸಾಕುವವರ ಸಮೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದ ಫಲಿತಾಂಶವೂ ಇದೇ ದಿಕ್ಕಿನಲ್ಲಿದೆ. ಊಟದ ನಡುವೆ ತಟ್ಟೆ ತೆಗೆಯುವ ಮನೆಗಳ ನಾಯಿಗಳಲ್ಲಿ ಈ ವರ್ತನೆ ಹೆಚ್ಚು ತೀವ್ರವಾಗಿತ್ತು. ಊಟದ ನಡುವೆ ರುಚಿಯಾದದ್ದನ್ನು ಸೇರಿಸುವ ಮನೆಗಳಲ್ಲಿ ಕಡಿಮೆ ಇತ್ತು. ಸಮೀಕ್ಷೆಯಿಂದ ಕಾರಣ ಯಾವುದು, ಪರಿಣಾಮ ಯಾವುದು ಅಂತ ಸಾಬೀತಾಗಲ್ಲ, ನಿಜ. ಆದ್ರೆ ತಿನ್ನೋ ಹೊತ್ತಲ್ಲಿ ಕೈ ಬಂದಾಗಲೆಲ್ಲ ಅನ್ನ ಮಾಯವಾದರೆ ಆ ಕೈಯನ್ನು ಯಾರು ನಂಬ್ತಾರೆ?

ಮರಿಯಾಗಿದ್ದಾಗ ಏನು ಮಾಡಬೇಕು?

ಹುಟ್ಟಿದ ಸುಮಾರು 3ರಿಂದ 14 ವಾರದೊಳಗೆ ಮರಿ ಜಗತ್ತನ್ನು ತುಂಬಾ ಸುಲಭವಾಗಿ ಒಪ್ಪಿಕೊಳ್ಳುತ್ತೆ. ಆಮೇಲೆ ಕಲಿಸೋಕೆ ಆಗಲ್ಲ ಅಂತಲ್ಲ, ಹೆಚ್ಚು ದಿನ ಬೇಕಾಗುತ್ತೆ.

ಹಾದುಹೋಗಿ, ಹಾಕಿಹೋಗಿ: ಮರಿ ತನ್ನ ಮಾಮೂಲಿ ಊಟ ತಿನ್ನುವಾಗ ಐದಾರು ಅಡಿ ದೂರದಲ್ಲಿ ನಡೆದುಹೋಗುತ್ತಾ ಬೇಯಿಸಿದ ಮೊಟ್ಟೆ, ಪನೀರ್ ಅಥವಾ ಮೂಳೆಯಿಲ್ಲದ ಕೋಳಿಯ ಚೂರೊಂದನ್ನು ತಟ್ಟೆಯ ಕಡೆ ಎಸೆಯಿರಿ. ನಿಲ್ಲಬೇಡಿ, ಮುಟ್ಟಬೇಡಿ. ಕೆಲವು ದಿನಗಳಲ್ಲಿ ಮರಿ ಬಾಲ ಅಲ್ಲಾಡಿಸುತ್ತಾ ನಿಮ್ಮ ದಾರಿ ನೋಡುತ್ತೆ. ಆಗ ಮಾತ್ರ ಒಂದು ಹೆಜ್ಜೆ ಹತ್ತಿರ ಹೋಗಿ. ಮೈ ಬಿಗಿ ಮಾಡಿದರೆ ಮತ್ತೆ ದೂರ ಸರಿಯಿರಿ.

ಕಿತ್ಕೋಬೇಡಿ, ಬದಲಿ ಕೊಡಿ: ಚಪ್ಪಲಿ ಹಿಡಿದು ಓಡಿದ ಮರಿಯನ್ನು ಅಟ್ಟಿಸಿಕೊಂಡು ಹೋದರೆ ಚಪ್ಪಲಿಯ ಬೆಲೆ ಹೆಚ್ಚುತ್ತೆ, ಅಷ್ಟೇ. ಅದಕ್ಕಿಂತ ಒಳ್ಳೆಯದನ್ನು ಮೂಗಿನ ಹತ್ತಿರ ಹಿಡಿಯಿರಿ. ಬಾಯಿ ತೆರೆಯುವಾಗ "ಬಿಡು" ಅನ್ನಿ, ತಿಂಡಿ ಕೊಡಿ. ಆಟದ ಸಾಮಾನಾದರೆ ಅದನ್ನೂ ವಾಪಸ್ ಕೊಡಿ. ಬಿಟ್ಟುಕೊಟ್ಟರೆ ನಷ್ಟವಿಲ್ಲ ಅನ್ನೋದೇ ಇಲ್ಲಿ ಪಾಠ.

ಜಗಳಕ್ಕೆ ಅವಕಾಶ ಕೊಡಬೇಡಿ: ಓಡಾಟವಿಲ್ಲದ ಮೂಲೆಯಲ್ಲಿ ಊಟ ಹಾಕಿ. ಎರಡು ನಾಯಿ ಇದ್ದರೆ ಬೇರೆ ಬೇರೆ ಜಾಗದಲ್ಲಿ ಹಾಕಿ. ಸಾಕ್ಸ್, ರಿಮೋಟ್ ಎತ್ತಿಡಿ. ಈ ಅಭ್ಯಾಸಗಳನ್ನೆಲ್ಲ ದೊಡ್ಡವರು ಮಾತ್ರ ಮಾಡಬೇಕು. ನಾಯಿ ತಿನ್ನುವಾಗ ಮಕ್ಕಳು ಹತ್ತಿರ ಹೋಗಕೂಡದು.

ಗುರ್ ಅಂದದ್ದಕ್ಕೆ ಶಿಕ್ಷೆ ಬೇಡ: ಸದ್ದು ಕಿರಿಕಿರಿ ಅಂತ ಕುಕ್ಕರ್ ವಿಷಲ್‌ಗೆ ಬಟ್ಟೆ ತುರುಕಿದರೆ ಒಳಗಿನ ಒತ್ತಡ ಇಳಿಯಲ್ಲ. ಹೊಡೆತ ತಿಂದ ಮರಿ ಗುರುಗುಟ್ಟುವುದನ್ನು ಬಿಡಬಹುದು, ಭಯವನ್ನು ಬಿಡಲ್ಲ. ಮುಂದೆ ಅದು ಸೂಚನೆ ಕೊಡದೆ ನೇರವಾಗಿ ಕಚ್ಚಬಹುದು. ಗುರ್ ಅಂದರೆ ಹಿಂದೆ ಸರಿಯಿರಿ. ಅದು ಸೋಲಲ್ಲ.

ಮರಿ ಈಗಾಗಲೇ ಕಚ್ಚಲು ಬರುತ್ತಿದ್ದರೆ ಮನೆಯ ಪ್ರಯೋಗ ನಿಲ್ಲಿಸಿ. ಮೊದಲು ಪಶುವೈದ್ಯರಿಗೆ ತೋರಿಸಿ, ನೋವಿದ್ದರೂ ಹೀಗಾಗುತ್ತೆ. ಆಮೇಲೆ ಹೊಡೆಯದೆ ಕಲಿಸುವ ತರಬೇತುದಾರರನ್ನು ಹುಡುಕಿ. ಕಚ್ಚಿ ಗಾಯವಾದರೆ, ಸಾಕಿದ ಮರಿಯೇ ಆದರೂ, ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ. ರೇಬಿಸ್ ವಿಷಯದಲ್ಲಿ 'ನೋಡೋಣ' ಅನ್ನೋ ಮಾತಿಲ್ಲ.

ಇದು ಬರೀ ಮನೆಯ ವಿಷಯವಲ್ಲ

2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಬೀದಿನಾಯಿಗಳ ಬಗ್ಗೆ ಆದೇಶ ಕೊಟ್ಟಾಗ ನಾವೆಲ್ಲ ಪರ ವಿರೋಧ ಪೋಸ್ಟ್ ಹಾಕಿದೆವು. ಆದರೆ ಮುದ್ದಾಗಿದೆ ಅಂತ ತಂದ ಮರಿ ಒಂದು ವರ್ಷಕ್ಕೆ ಮಗುವಿಗೆ ಬಾಯಿ ಹಾಕಿದರೆ ಏನಾಗುತ್ತೆ? ಎಷ್ಟೋ ಮನೆಯವರು ರಾತ್ರೋರಾತ್ರಿ ಅದನ್ನು ಊರಾಚೆ ಬಿಟ್ಟು ಬರ್ತಾರೆ. ಸರಿಯಾದ ಕಾರಣವಿಲ್ಲದೆ ಸಾಕುಪ್ರಾಣಿಯನ್ನು ಹಸಿವಿಗೆ, ಬಾಯಾರಿಕೆಗೆ ಬಿಟ್ಟು ತ್ಯಜಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆದರೂ ಬಿಟ್ಟು ಬರೋದು ನಿಂತಿಲ್ಲ. ಬೀದಿನಾಯಿ ಚರ್ಚೆಯ ಒಂದು ಎಳೆ ನಮ್ಮದೇ ಅಡುಗೆಮನೆಯ ತಟ್ಟೆಯ ಪಕ್ಕ ಶುರುವಾಗುತ್ತೆ.

ಒಂದು ವಾರದಲ್ಲಿ ನಾನು ಕೆಡಿಸಿದ ನಂಬಿಕೆ ಸರಿಯಾಗೋಕೆ ಎರಡು ತಿಂಗಳು ಹಿಡಿಯಿತು. ಈಗ ನಾನು ಅಡುಗೆಮನೆಗೆ ಬಂದರೆ ಅದು ತಟ್ಟೆಯಿಂದ ತಲೆ ಎತ್ತಿ ನನ್ನ ಕೈ ನೋಡುತ್ತೆ, ಏನಾದ್ರೂ ತಂದಿದ್ದೀಯಾ ಅನ್ನೋ ಹಾಗೆ.